ನಿಜವನ್ನು ಹೇಳುವ ಸರದಿ ಯಾರದು?

2023ರ ಅಕ್ಟೋಬರ್ 28ರ ರಾತ್ರಿ ಪ್ಯಾರಿಸ್ ಹೊರವಲಯದ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರು. ರಗ್ಬಿ ವಿಶ್ವಕಪ್ ಫೈನಲ್‌ನ ದ್ವಿತೀಯಾರ್ಧ ಅದು. ದಕ್ಷಿಣ ಆಫ್ರಿಕಾ 12–6ರಿಂದ ಮುಂದಿತ್ತು. ಹೀಗೆ ಒತ್ತುವುದೇ ಟ್ರೈ; ಅದು ಸಿಕ್ಕರೆ ಐದು ಅಂಕ, ಅದರ ಬೆನ್ನಿಗೆ ಕನ್ವರ್ಷನ್ ಒದೆತ ಕೂಡಿಬಂದರೆ ಇನ್ನೆರಡು. ಅಲ್ಲಿಗೆ ನ್ಯೂಜಿಲೆಂಡ್ ಒಂದು ಅಂಕದಿಂದ ಮುಂದೆ ಹೋಗುತ್ತಿತ್ತು. ಅಷ್ಟರಲ್ಲಿ ರೆಫರಿ ವೇಯ್ನ್ ಬಾರ್ನ್ಸ್ ಅವರ ಕಿವಿಯಲ್ಲಿ ಒಂದು ಧ್ವನಿ ಕೇಳಿಸಿತು. ದೂರದರ್ಶನದ ಪರದೆಗಳ ಮುಂದೆ ಕುಳಿತಿದ್ದ ಟಾಮ್ ಫೋಲಿ ಅವರ ಧ್ವನಿ ಅದು. ಈ ದಾಳಿ ಶುರುವಾದ ಲೈನ್‌ಔಟ್‌ನಲ್ಲೇ, ಅಂದರೆ ಗೆರೆಯಾಚೆ ಹೋದ ಚೆಂಡನ್ನು ಮತ್ತೆ ಒಳಗೆಸೆಯುವಾಗಲೇ, ನ್ಯೂಜಿಲೆಂಡ್‌ನ ಆರ್ಡಿ ಸವೇಯ ಅವರ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತು, ಅದು ತಪ್ಪು ಎಂದು ಅವರು ತಿಳಿಸಿದರು. ಟ್ರೈ ರದ್ದಾಯಿತು.

ಚೆಂಡು ಜಾರಿದ್ದು ನಿಜ. ಮರುಪ್ರಸಾರದಲ್ಲಿ ಎಲ್ಲರಿಗೂ ಕಂಡ ನಿಜ. ಹಾಗಿದ್ದರೂ ಈ ತೀರ್ಪಿನ ಬಗ್ಗೆ ಇಂದಿಗೂ ಜಗಳ ಮುಗಿದಿಲ್ಲ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ವಿಚಿತ್ರವಾಗಿ ಕಾಣಬಹುದು: ತಪ್ಪು ನಡೆದಿದೆ, ಕ್ಯಾಮೆರಾ ಹಿಡಿದಿದೆ, ತೀರ್ಪು ಸರಿಯಾಗಿದೆ, ಮತ್ತೇನು ತಕರಾರು? ತಕರಾರು ಇರುವುದು ನೋಟದ ಬಗ್ಗೆ ಅಲ್ಲ, ಮಾತಿನ ಬಗ್ಗೆ. ರಗ್ಬಿಯಲ್ಲಿ ಒಂದು ತೀರ್ಪು ಹುಟ್ಟುವುದು ನಾಲ್ಕೈದು ಜನರ ನಡುವಿನ ಸಂಭಾಷಣೆಯಲ್ಲಿ. ಯಾರು, ಯಾವಾಗ, ಯಾವ ವಿಷಯದಲ್ಲಿ ಬಾಯಿ ತೆರೆಯಬಹುದು ಎಂಬುದಕ್ಕೂ ಅಲ್ಲಿ ಕಟ್ಟಳೆ ಇದೆ. ಫೋಲಿ ಹೇಳಿದ್ದು ಸತ್ಯ, ಆದರೆ ಆ ಸತ್ಯವನ್ನು ಹೇಳುವ ಹಕ್ಕು ಆ ಹೊತ್ತಿಗೆ ಅವರಿಗೆ ಇರಲಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಮೊದಲು ಮೈದಾನದಲ್ಲಿ ಯಾರು ಯಾರಿಗೆ ಮಾತಾಡುತ್ತಾರೆ ಎಂದು ನೋಡಬೇಕು. ರೆಫರಿ ಒಬ್ಬರು, ಗೆರೆಗಳ ಬದಿಯಲ್ಲಿ ಸಹಾಯಕ ರೆಫರಿಗಳು ಇಬ್ಬರು, ಪರದೆಯ ಮುಂದೆ ಟಿಎಂಒ, ಅಂದರೆ ಟೆಲಿವಿಷನ್ ಮ್ಯಾಚ್ ಅಫಿಷಿಯಲ್, ಒಬ್ಬರು. ಆ ರಾತ್ರಿ ಬಾರ್ನ್ಸ್ ಜೊತೆ ಕಾರ್ಲ್ ಡಿಕ್ಸನ್ ಮತ್ತು ಮ್ಯಾಥ್ಯೂ ಕಾರ್ಲಿ ಗೆರೆಯ ಬದಿಯಲ್ಲಿದ್ದರು, ಫೋಲಿ ಪರದೆಯ ಮುಂದೆ. ನಾಲ್ವರೂ ಇಂಗ್ಲೆಂಡಿನವರು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ದಕ್ಷಿಣ ಆಫ್ರಿಕಾಕ್ಕೆ 16–15ರಿಂದ ಸೋತ ಕಾರಣಕ್ಕಷ್ಟೇ ಇವರಿಗೆ ಫೈನಲ್ ನಡೆಸುವ ಅವಕಾಶ ಸಿಕ್ಕಿತು. ತಮ್ಮ ದೇಶದ ತಂಡ ಗೆದ್ದಿದ್ದರೆ ತಾವು ಮನೆಯಲ್ಲಿ ಕುಳಿತು ನೋಡಬೇಕಿತ್ತು. ರೆಫರಿಯ ಬದುಕಿನಲ್ಲಿ ಇಂಥ ಇಕ್ಕಟ್ಟು ಸಾಮಾನ್ಯ.

ಈ ನಾಲ್ವರ ಕಿವಿ ಬಾಯಿಗಳು ಒಂದೇ ತರಂಗಕ್ಕೆ ಜೋಡಿಸಿಕೊಂಡಿರುತ್ತವೆ. ರಗ್ಬಿಯ ಹೆಗ್ಗಳಿಕೆ ಎಂದರೆ ರೆಫರಿಯ ಮೈಕ್ರೊಫೋನ್ ಟಿವಿ ನೋಡುವವರಿಗೂ ಕೇಳುತ್ತದೆ. ಫುಟ್‌ಬಾಲ್ ಬಹುಕಾಲ ಬಚ್ಚಿಟ್ಟಿದ್ದನ್ನು ರಗ್ಬಿ ದಶಕಗಳ ಹಿಂದೆಯೇ ತೆರೆದಿಟ್ಟಿತು. ವಿಪರ್ಯಾಸವೆಂದರೆ ಕ್ರೀಡಾಂಗಣಕ್ಕೆ ಹಣ ಕೊಟ್ಟು ಬಂದು ಕುಳಿತವರಿಗೆ, ಕಿವಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಇಲ್ಲದಿದ್ದರೆ, ಆಗ ಏನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಕಾಲು ಚಾಚಿ ಕುಳಿತವನಿಗೆ ತೀರ್ಪಿನ ಕಾರಣ ಗೊತ್ತಾಗುತ್ತಿತ್ತು. ಗೋಲು ಕಂಬದಿಂದ ಮೂವತ್ತು ಮೀಟರ್ ದೂರದಲ್ಲಿ ಕುಳಿತವನು ರೆಫರಿಯ ಕೈಸನ್ನೆ ನೋಡಿ ಊಹಿಸಬೇಕಿತ್ತು.

ಆಟಗಾರರ ಕಡೆಯಿಂದ ರೆಫರಿಯ ಜೊತೆ ಮಾತಾಡುವ ಹಕ್ಕು ನಾಯಕನಿಗೆ ಮಾತ್ರ. ಉಳಿದವರು ಗೊಣಗಿದರೆ ಎದುರಾಳಿಗೆ ಸಿಕ್ಕ ಪೆನಾಲ್ಟಿಯ ಜಾಗ ಹತ್ತು ಮೀಟರ್ ಮುಂದಕ್ಕೆ ಸರಿಯುತ್ತದೆ. ಈ ಶಿಸ್ತನ್ನು ಬೇರೆ ಆಟದವರು ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ. ಈ ಫೈನಲ್‌ನಲ್ಲಿ ಅದಕ್ಕೊಂದು ವಿಚಿತ್ರ ಪರೀಕ್ಷೆ ಎದುರಾಯಿತು. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಮೊದಲಾರ್ಧದಲ್ಲೇ ಹೊರಬಿದ್ದರು. ದ್ವಿತೀಯಾರ್ಧ ಶುರುವಾದ ಸ್ವಲ್ಪ ಹೊತ್ತಿಗೆ ದಕ್ಷಿಣ ಆಫ್ರಿಕಾ ನಾಯಕ ಸಿಯಾ ಕೊಲಿಸಿ ಕೂಡ ಹತ್ತು ನಿಮಿಷ ಹೊರಗೆ ಹೋದರು. ಆ ಹತ್ತು ನಿಮಿಷ, ರೆಫರಿಯೊಂದಿಗೆ ಮಾತಾಡಲು ತಂಡಗಳು ಆರಿಸಿ ಕಳಿಸಿದ್ದ ಇಬ್ಬರೂ ಬದಿಯ ಕುರ್ಚಿಯಲ್ಲಿ ಕುಳಿತಿದ್ದರು. ಬದಲಿ ನಾಯಕರು ಇರುತ್ತಾರೆ, ನಿಜ. ಆದರೆ ರೆಫರಿ ಮತ್ತು ನಾಯಕನ ನಡುವಿನ ನಂಟು ಪಂದ್ಯದ ಮೊದಲ ಹತ್ತು ನಿಮಿಷದಲ್ಲಿ ಬೆಳೆಯುವಂಥದ್ದು. ಯಾವ ಧಾಟಿಯಲ್ಲಿ ಕೇಳಿದರೆ ಉತ್ತರ ಸಿಗುತ್ತದೆ, ಎಷ್ಟು ಸಲ ಕೇಳಬಹುದು ಎಂಬುದನ್ನು ಮಧ್ಯದಲ್ಲಿ ಬಂದವನು ಹೊಸದಾಗಿ ಕಲಿಯಬೇಕು.

ರೆಫರಿಯ ಮಾತು ತೀರ್ಪಿನ ನಂತರ ಬರುವುದಲ್ಲ ಎಂಬುದನ್ನೂ ಗಮನಿಸಬೇಕು. ಹೆಚ್ಚಿನ ಮಾತು ತೀರ್ಪಿನ ಮೊದಲೇ ಆಗುತ್ತದೆ. ಒಬ್ಬ ಆಟಗಾರನನ್ನು ಉರುಳಿಸಿ ಕೆಡವಿದಾಗ ಅವನ ಸುತ್ತ ಎರಡೂ ತಂಡದವರು ಮುಗಿಬೀಳುತ್ತಾರೆ. ಬ್ರೇಕ್‌ಡೌನ್ ಎನ್ನುವುದು ಇದನ್ನೇ. ಅಲ್ಲಿ ಕೆಡವಿದವನು ಕೈಬಿಟ್ಟು ಪಕ್ಕಕ್ಕೆ ಉರುಳಬೇಕು, ಬಿದ್ದವನು ಚೆಂಡನ್ನು ಬಿಡಬೇಕು, ಕಸಿಯಲು ಬಂದವನು ತನ್ನ ಕಾಲಿನ ಮೇಲೆ ನಿಂತಿರಬೇಕು, ಹೊಸದಾಗಿ ಬರುವವರು ತಮ್ಮ ಕಡೆಯ ಹಿಂಬಾಗಿಲಿನಿಂದಲೇ ಬರಬೇಕು. ಇಷ್ಟೆಲ್ಲವೂ ಎರಡು ಮೂರು ಸೆಕೆಂಡಿನೊಳಗೆ. ಪುಸ್ತಕ ಹಿಡಿದು ಕುಳಿತರೆ ಯಾವ ಬ್ರೇಕ್‌ಡೌನ್‌ನಲ್ಲಾದರೂ ಒಂದು ತಪ್ಪು ಹುಡುಕಿ ತೆಗೆಯಬಹುದು. ಹಾಗಾಗಿ ರೆಫರಿ ಸೀಟಿ ಊದುವ ಬದಲು ಮಾತಾಡುತ್ತಲೇ ಇರುತ್ತಾರೆ: ಬಿಡು, ಉರುಳು, ಕೈ ತೆಗೆ, ಹಿಂದೆ ನಿಲ್ಲು. ಮಾತು ಕೇಳಿ ಸರಿಪಡಿಸಿಕೊಂಡರೆ ಆಟ ಮುಂದುವರಿಯುತ್ತದೆ. ಕೇಳದಿದ್ದರೆ, ಆ ತಪ್ಪು ಎದುರಾಳಿಗೆ ನಿಜವಾಗಿಯೂ ಅಡ್ಡಿಯಾಗಿದ್ದರೆ, ಆಗ ಸೀಟಿ.

ನನಗೆ ಇದು ರಗ್ಬಿಯ ಅತ್ಯಂತ ಚೆಲುವಾದ ಭಾಗ. ಕೆಲವರಿಗೆ ಇದೇ ಸಿಟ್ಟು ತರಿಸುತ್ತದೆ. ರೆಫರಿ ಎಚ್ಚರಿಸಿದ್ದು ಯಾರನ್ನು, ಎಚ್ಚರಿಸದೆ ದಂಡಿಸಿದ್ದು ಯಾರನ್ನು ಎಂದು ಲೆಕ್ಕ ಇಡುತ್ತಾ ಹೋದರೆ ಪ್ರತಿ ಪಂದ್ಯದಲ್ಲೂ ಪಕ್ಷಪಾತ ಕಾಣುತ್ತದೆ. ಆದರೆ ಎಲ್ಲವನ್ನೂ ದಂಡಿಸಿದರೆ ಎಂಬತ್ತು ನಿಮಿಷ ಸೀಟಿಯ ಸದ್ದಷ್ಟೇ ಉಳಿಯುತ್ತದೆ. ರೆಫರಿಯ ವಿವೇಚನೆ ಈ ಆಟದಲ್ಲಿ ಅನಿವಾರ್ಯವಾಗಿ ಸೇರಿಕೊಂಡ ದೋಷವಲ್ಲ, ಆಟವನ್ನು ಆಟವಾಗಿ ಉಳಿಸಿರುವುದೇ ಅದು. ಪಂದ್ಯ ನಡೆಯುವಾಗ ಘಟನೆಗಳ ವಿಷಯದಲ್ಲೂ ನಿಯಮಗಳ ವಿಷಯದಲ್ಲೂ ಏಕೈಕ ನ್ಯಾಯಾಧೀಶ ರೆಫರಿಯೇ ಎಂದು ನಿಯಮ ಪುಸ್ತಕದ ಆರನೆಯ ವಿಭಾಗ ಹೇಳುತ್ತದೆ. ಏಕೈಕ ಎಂಬ ಪದವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದಕ್ಕೆ ಕೆಲಸವಿದೆ.

ಈಗ ಕಾರ್ಡುಗಳ ಕಡೆಗೆ. ಹಳದಿ ಎಂದರೆ ಹತ್ತು ನಿಮಿಷ ಹೊರಗೆ, ಕೆಂಪು ಎಂದರೆ ಆಗ ಪಂದ್ಯ ಮುಗಿಯುವವರೆಗೆ. ಆ ರಾತ್ರಿ ನಾಲ್ವರಿಗೆ ಹಳದಿ ಕಾರ್ಡ್ ಸಿಕ್ಕಿತು, ಅದರಲ್ಲಿ ಒಂದು ಕೆಂಪಾಯಿತು. ಆರಂಭದ ನಿಮಿಷಗಳಲ್ಲೇ ನ್ಯೂಜಿಲೆಂಡ್‌ನ ಶಾನನ್ ಫ್ರಿಝೆಲ್ ಎದುರಾಳಿ ಬೊಂಗಿ ಎಂಬೊನಾಂಬಿಯನ್ನು ರಾಶಿಯಿಂದ ಎಳೆದು ಹಾಕುವಾಗ ಅವರ ಕಾಲಿನ ಮೇಲೆಯೇ ಬಿದ್ದರು. ಎಂಬೊನಾಂಬಿಗೆ ಫೈನಲ್ ಅಲ್ಲಿಗೇ ಮುಗಿಯಿತು, ಫ್ರಿಝೆಲ್ ಹತ್ತು ನಿಮಿಷ ಹೊರಗಿದ್ದು ಮರಳಿದರು. ಪಂದ್ಯದ ಕೊನೆಯ ಹತ್ತು ನಿಮಿಷದೊಳಗೆ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬಿ ಪಾಸನ್ನು ಬೇಕೆಂದೇ ಕೈಯಿಂದ ತಟ್ಟಿ ಕೆಡಿಸಿದ್ದಕ್ಕೆ ಹೊರಗೆ ಹೋದರು. ಇವೆರಡರಲ್ಲಿ ಹೆಚ್ಚು ಗೊಂದಲವಿಲ್ಲ. ಗೊಂದಲ ಇರುವುದು ಇಬ್ಬರು ನಾಯಕರ ಕಾರ್ಡುಗಳಲ್ಲಿ.

ಕೇನ್ ಅವರದು ಮೊದಲಾರ್ಧದ ಮಧ್ಯ ದಾಟಿದ ಮೇಲೆ. ದಕ್ಷಿಣ ಆಫ್ರಿಕಾದ ಜೆಸ್ಸಿ ಕ್ರೀಲ್ ಚೆಂಡು ಹಿಡಿದು ಬರುತ್ತಿದ್ದಾಗ ನೆಟ್ಟಗೆ ನಿಂತಂತೆಯೇ ಕೇನ್ ತಡೆಯಲು ಹೋದರು, ಭುಜ ಕ್ರೀಲ್ ತಲೆಗೆ ಬಡಿಯಿತು. ಕೊಲಿಸಿ ಅವರದು ವಿರಾಮದ ನಂತರ. ಸವೇಯ ಅವರನ್ನು ತಡೆಯುವಾಗ ತಲೆಗೆ ತಲೆ ತಾಗಿತು. ಇಬ್ಬರಿಗೂ ಮೊದಲು ಹಳದಿ, ಇಬ್ಬರ ಪ್ರಕರಣವೂ ಮರುಪರಿಶೀಲನೆಗೆ ಹೋಯಿತು. ಕೇನ್ ಅವರದು ಕೆಂಪಾಯಿತು, ಕೊಲಿಸಿ ಅವರದು ಹಳದಿಯಾಗಿಯೇ ಉಳಿಯಿತು. ಪುರುಷರ ವಿಶ್ವಕಪ್ ಫೈನಲ್ ಒಂದರಲ್ಲಿ ಕೆಂಪು ಕಾರ್ಡ್ ಬಂದಿದ್ದು ಅದೇ ಮೊದಲು. ಪುರುಷರ ಎಂದು ಒತ್ತಿ ಹೇಳಬೇಕು. ಅದಕ್ಕೆ ಒಂದು ವರ್ಷ ಮೊದಲು, 2022ರ ನವೆಂಬರ್‌ನಲ್ಲಿ, ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್‌ನ ಲಿಡಿಯಾ ಥಾಂಪ್ಸನ್ ಇದೇ ರೀತಿಯ ತಲೆ ಡಿಕ್ಕಿಗಾಗಿ ಕೆಂಪು ಕಾರ್ಡ್ ಪಡೆದಿದ್ದರು. ಇಂಗ್ಲೆಂಡ್ ಆ ಪಂದ್ಯವನ್ನು 34–31ರಿಂದ ಕಳೆದುಕೊಂಡಿತು. ‘ಇತಿಹಾಸದಲ್ಲೇ ಮೊದಲು’ ಎಂದು ಕೂಗಿದ ಅನೇಕರಿಗೆ ಅದು ನೆನಪಾಗಲಿಲ್ಲ.

ಒಂದೇ ಬಗೆಯ ಅಪರಾಧಕ್ಕೆ ಎರಡು ಬಗೆಯ ಶಿಕ್ಷೆಯೇ? ಇಲ್ಲಿ ರಗ್ಬಿ ಬಳಸುವ ತರ್ಕದ ಏಣಿಯನ್ನು ಗೊತ್ತುಮಾಡಿಕೊಳ್ಳಬೇಕು. ತಲೆಗೆ ಬೀಳುವ ಪೆಟ್ಟುಗಳು ಆಟಗಾರರ ಮಿದುಳಿಗೆ ಮಾಡುವ ಹಾನಿಯ ಬಗ್ಗೆ ಆತಂಕ ಹೆಚ್ಚಿದಂತೆ ವರ್ಲ್ಡ್ ರಗ್ಬಿ ಸಂಸ್ಥೆ 2019ರಲ್ಲಿ ಎತ್ತರದ ಟ್ಯಾಕಲ್‌ಗಳಿಗೆ, ಅಂದರೆ ಎದುರಾಳಿಯನ್ನು ಭುಜಕ್ಕಿಂತ ಮೇಲೆ ಹಿಡಿದು ತಡೆಯುವುದಕ್ಕೆ, ಒಂದು ಚೌಕಟ್ಟು ತಂದಿತು, 2021ರಲ್ಲಿ ಅದನ್ನು ತಲೆಗೆ ಆಗುವ ಎಲ್ಲ ಸಂಪರ್ಕಗಳಿಗೂ ಹಿಗ್ಗಿಸಿತು. ರೆಫರಿ ಮೆಟ್ಟಿಲಿನಂತೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ತಲೆಗೆ ಸಂಪರ್ಕ ಆಯಿತೇ? ಅದು ತಪ್ಪು ಆಟವೇ, ಇಲ್ಲ ಆಕಸ್ಮಿಕವೇ? ಅಪಾಯದ ಮಟ್ಟ ಎಷ್ಟು? ತೀವ್ರತೆಯನ್ನು ತಗ್ಗಿಸುವ ಕಾರಣ ಏನಾದರೂ ಇದೆಯೇ? ಅಪಾಯ ಹೆಚ್ಚು, ತಗ್ಗಿಸುವ ಕಾರಣ ಇಲ್ಲ ಎಂದಾದರೆ ಕೆಂಪು. ಅಪಾಯ ಕಡಿಮೆ ಇದ್ದರೆ, ಅಥವಾ ತಕ್ಕ ಕಾರಣ ಸಿಕ್ಕರೆ, ಹಳದಿ ಅಥವಾ ಅದಕ್ಕಿಂತ ಕೆಳಗೆ. ಚೆಂಡು ಹಿಡಿದವನು ಕೊನೆಯ ಗಳಿಗೆಯಲ್ಲಿ ತಟ್ಟನೆ ಕುಗ್ಗಿದರೆ ಅದೊಂದು ಕಾರಣ. ತಡೆಯುವವನು ಬಗ್ಗಲು ಕಣ್ಣಿಗೆ ಕಾಣುವಂತೆ ಪ್ರಯತ್ನಿಸಿದ್ದರೆ ಅದೂ ಕಾರಣ.

ಗಮನಿಸಿ, ಈ ಏಣಿಯಲ್ಲಿ ‘ಬೇಕೆಂದು ಮಾಡಿದನೇ’ ಎಂಬ ಪ್ರಶ್ನೆಗೆ ಹೆಚ್ಚಿನ ಜಾಗವಿಲ್ಲ. ಕೇನ್ ಕೆಟ್ಟ ಉದ್ದೇಶದಿಂದ ಮಾಡಿದರೆಂದು ಯಾರೂ ಹೇಳಲಿಲ್ಲ. ಅಭಿಮಾನಿಗಳು ಉದ್ದೇಶವನ್ನು ಅಳೆಯುತ್ತಾರೆ, ಪ್ರಕ್ರಿಯೆ ಅಪಾಯವನ್ನು ಅಳೆಯುತ್ತದೆ. ಅರ್ಧ ಜಗಳ ಹುಟ್ಟುವುದು ಈ ಎರಡು ತಕ್ಕಡಿಗಳನ್ನು ಒಂದೆಂದು ತಿಳಿದಾಗ. ಏಣಿಯ ಪ್ರಕಾರ ನೋಡಿದರೆ ಕೇನ್ ನೆಟ್ಟಗಿದ್ದರು, ಪೆಟ್ಟು ನೇರವಾಗಿತ್ತು. ಕೊಲಿಸಿ ಬಗ್ಗುತ್ತಿದ್ದರು, ಪೆಟ್ಟಿನ ಬಲ ಅಷ್ಟಿರಲಿಲ್ಲ ಎಂದು ವಾದಿಸಬಹುದು. ಕೇನ್ ಅವರ ಕೆಂಪು ಸರಿ ಎಂದೇ ನನ್ನ ಅಭಿಪ್ರಾಯ. ಕೊಲಿಸಿ ಅವರ ಹಳದಿ ಸಮರ್ಥಿಸಬಹುದಾದದ್ದು. ಅದು ಕೆಂಪಾಗಿದ್ದರೆ ಅದನ್ನೂ ಸಮರ್ಥಿಸಬಹುದಿತ್ತು. ಅಷ್ಟು ತೆಳುವಾದ ಗೆರೆ ಅದು.

ಅಷ್ಟು ತೆಳುವಾದ ಗೆರೆಯನ್ನು ಎಳೆದವರು ಯಾರು? ಬಾರ್ನ್ಸ್ ಅಲ್ಲ, ಫೋಲಿ ಕೂಡ ಅಲ್ಲ. ಇಲ್ಲಿ ಐದನೆಯ ವ್ಯಕ್ತಿಯ ಪ್ರವೇಶವಾಗುತ್ತದೆ. 2023ರ ವಿಶ್ವಕಪ್‌ಗೆ ಬಂಕರ್ ಎಂಬ ಹೊಸ ವ್ಯವಸ್ಥೆ ಬಂತು. ತಪ್ಪು ಹಳದಿಯ ಮಟ್ಟವನ್ನಂತೂ ದಾಟಿದೆ, ಕೆಂಪೋ ಅಲ್ಲವೋ ಎಂದು ತಕ್ಷಣ ಗೊತ್ತಾಗುತ್ತಿಲ್ಲ ಎನಿಸಿದರೆ ರೆಫರಿ ಎದೆಯೆತ್ತರದಲ್ಲಿ ಎರಡೂ ಕೈಗಳನ್ನು ಅಡ್ಡಡ್ಡ ಹಿಡಿದು ಸನ್ನೆ ಮಾಡುತ್ತಾರೆ. ಆಟಗಾರ ಹೊರಗೆ ಹೋಗುತ್ತಾನೆ, ಆಟ ಮುಂದುವರಿಯುತ್ತದೆ. ಮೈದಾನದಿಂದ ದೂರದ ಕೊಠಡಿಯೊಂದರಲ್ಲಿ ಕುಳಿತ ಅಧಿಕಾರಿ ಎಂಟು ನಿಮಿಷದೊಳಗೆ ಎಲ್ಲ ಕೋನಗಳನ್ನೂ ನೋಡಿ ತೀರ್ಮಾನಿಸಿ ತಿಳಿಸುತ್ತಾರೆ. ಹಳದಿಯ ಹತ್ತು ನಿಮಿಷ ಮುಗಿಯುವುದರೊಳಗೆ ಉತ್ತರ ಬಂದಿರುತ್ತದೆ.

ಇದರ ಉದ್ದೇಶ ಒಳ್ಳೆಯದೇ. ಮೊದಲು ಇಂಥ ಪ್ರತಿ ಘಟನೆಗೂ ಆಟ ನಿಲ್ಲಿಸಿ, ಎಂಬತ್ತು ಸಾವಿರ ಜನರ ಎದುರು ದೊಡ್ಡ ಪರದೆಯಲ್ಲಿ ಮತ್ತೆ ಮತ್ತೆ ತೋರಿಸಿ, ಪ್ರೇಕ್ಷಕರ ಕೂಗಾಟದ ನಡುವೆ ರೆಫರಿ ತೀರ್ಮಾನಿಸಬೇಕಿತ್ತು. ನಾಲ್ಕೈದು ನಿಮಿಷ ಆಟಗಾರರು ತಣ್ಣಗಾಗುತ್ತಿದ್ದರು. ಬಂಕರ್ ಆ ಕಾಯುವಿಕೆಯನ್ನು ತೆಗೆದುಹಾಕಿತು. ಆದರೆ ಅದರ ಜೊತೆಗೆ ಇನ್ನೊಂದನ್ನೂ ತೆಗೆದುಹಾಕಿತು, ಅದನ್ನು ಬಹಳ ಜನ ಗಮನಿಸಲಿಲ್ಲ. ಹಳೆಯ ಪದ್ಧತಿಯಲ್ಲಿ ರೆಫರಿ ಮತ್ತು ಟಿಎಂಒ ಏಣಿಯ ಒಂದೊಂದು ಮೆಟ್ಟಿಲನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಹತ್ತುತ್ತಿದ್ದರು. ಒಪ್ಪದವನಿಗೂ ಯಾವ ಮೆಟ್ಟಿಲಲ್ಲಿ ತನಗೂ ಅವರಿಗೂ ಭಿನ್ನಮತ ಬಂತು ಎಂದು ತಿಳಿಯುತ್ತಿತ್ತು. ಬಂಕರ್‌ನಲ್ಲಿ ಆ ಚಿಂತನೆ ಬಾಗಿಲ ಹಿಂದೆ ನಡೆಯುತ್ತದೆ. ಹೊರಗೆ ಬರುವುದು ಫಲಿತಾಂಶ ಮತ್ತು ಅದರ ಜೊತೆಗೆ ಒಂದೆರಡು ವಾಕ್ಯ, ಅದೂ ರೆಫರಿಯ ಬಾಯಿಂದ.

ಬಾರ್ನ್ಸ್ ಆ ರಾತ್ರಿ ತಮ್ಮದಲ್ಲದ ತೀರ್ಮಾನವನ್ನು ತಮ್ಮ ಧ್ವನಿಯಲ್ಲಿ ಪ್ರಕಟಿಸಿದರು. ವೃತ್ತಿಯಿಂದ ಅವರು ವಕೀಲರು. ಬೇರೆಯವರ ಪರವಾಗಿ ಮಾತಾಡುವುದು ಗೊತ್ತಿರುವವರು. ಹಾಗಿದ್ದರೂ ಇದು ರಗ್ಬಿಯ ಮೂಲ ಕಟ್ಟಳೆಗೆ ಎದುರಾದ ಸಂಗತಿ. ಏಕೈಕ ನ್ಯಾಯಾಧೀಶ ಎಂದು ಪುಸ್ತಕ ಹೇಳುವ ವ್ಯಕ್ತಿ ಪಂದ್ಯದ ಅತಿ ದೊಡ್ಡ ತೀರ್ಮಾನದಲ್ಲಿ ಸಂದೇಶ ತಲುಪಿಸುವವರಾದರು. ಕ್ರೀಲ್ ಪ್ರಕರಣಕ್ಕೂ ಸವೇಯ ಪ್ರಕರಣಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬಲ್ಲ ಒಬ್ಬರೇ ಒಬ್ಬರು ಇದ್ದರು, ಅವರ ಧ್ವನಿ ಯಾರಿಗೂ ಕೇಳಲಿಲ್ಲ. ಸುಲಭವಾದ ಪೆನಾಲ್ಟಿಗೆ ಕಾರಣ ಇಡೀ ಜಗತ್ತಿಗೆ ನೇರ ಪ್ರಸಾರ. ಕಷ್ಟವಾದ ಕಾರ್ಡಿಗೆ ಕಾರಣ ಚುಟುಕು ಸಾರಾಂಶ. ಆಟಕ್ಕೆ ಎಲ್ಲಕ್ಕಿಂತ ಹೆಚ್ಚು ಮಾತು ಬೇಕಿದ್ದ ಜಾಗದಲ್ಲೇ ಅದು ಮೂಕವಾಯಿತು ಎಂಬುದು ನನ್ನ ದೂರು.

ರದ್ದಾದ ಟ್ರೈ ವಿಷಯದಲ್ಲಿ ಆದದ್ದು ಇದರ ತಿರುವುಮುರುವು. ಅಲ್ಲಿ ಮೌನ ಬೇಕಿದ್ದ ಕಡೆ ಮಾತು ಬಂತು.

ಟಿಎಂಒ ಎಲ್ಲವನ್ನೂ ನೋಡಬಹುದು, ಆದರೆ ಎಲ್ಲವನ್ನೂ ಹೇಳುವಂತಿಲ್ಲ. ಟ್ರೈಗೆ ಮುಂಚೆ ನಡೆದ ನಾಕ್ ಆನ್ (ಕೈಯಿಂದ ಚೆಂಡು ಮುಂದಕ್ಕೆ ಜಾರುವುದು), ಮುಂದಕ್ಕೆ ಹೋದ ಪಾಸ್ ಮುಂತಾದ ತಪ್ಪುಗಳನ್ನು ಹಿಂದಕ್ಕೆ ಹೋಗಿ ನೋಡಲು ಆಗಿನ ನಿಯಮದಲ್ಲಿ ಎರಡು ಹಂತಗಳ ಮಿತಿ ಇತ್ತು. ಹಂತ ಎಂದರೆ ಒಂದು ಬ್ರೇಕ್‌ಡೌನ್‌ನಿಂದ ಇನ್ನೊಂದರವರೆಗಿನ ಆಟ. ತಪ್ಪು ಅದಕ್ಕಿಂತ ಹಿಂದೆ ನಡೆದಿದ್ದರೆ, ಆ ಗಳಿಗೆಯಲ್ಲಿ ಯಾರೂ ಹಿಡಿಯದಿದ್ದರೆ, ಅದು ಕಳೆದುಹೋದಂತೆ. ಅಪಾಯಕಾರಿ ಆಟಕ್ಕೆ ಮಾತ್ರ ಈ ಮಿತಿ ಇಲ್ಲ. ಸವೇಯ ಕೈಯಿಂದ ಚೆಂಡು ಜಾರಿದ್ದು ಎರಡು ಹಂತಗಳಿಗಿಂತ ಹಿಂದೆ. ರೆಫರಿಯೂ ಸಹಾಯಕರೂ ಅದನ್ನು ಆಗ ನೋಡಲಿಲ್ಲ, ಆಟ ಸಾಗಿತು. ಟ್ರೈ ಆದ ಮೇಲೆ ಅದು ಮಾತಿಗೆ ಬಂತು.

ಇಷ್ಟೊಂದು ಕಟ್ಟುನಿಟ್ಟು ಯಾಕೆ, ಕಂಡ ಸತ್ಯವನ್ನು ಕಾಣದಂತೆ ನಟಿಸಬೇಕೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಬ್ರೇಕ್‌ಡೌನ್‌ನಲ್ಲಿದೆ. ಒಂದು ದಾಳಿ ಹತ್ತು ಹದಿನೈದು ಹಂತಗಳವರೆಗೂ ಬೆಳೆಯಬಹುದು. ಪ್ರತಿ ಹಂತದಲ್ಲೂ ಕಸಕಡ್ಡಿಯಂಥ ತಪ್ಪುಗಳಿರುತ್ತವೆ ಎಂದು ಆಗಲೇ ನೋಡಿದೆವು. ಮಿತಿಯಿಲ್ಲದೆ ಹಿಂದಕ್ಕೆ ಹೋದರೆ ಯಾವ ಟ್ರೈ ಉಳಿದೀತು? ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ: ಹಿಂದಕ್ಕೆ ಹೋಗಿ ನೋಡುವುದು ಟ್ರೈ ಆದಾಗ ಮಾತ್ರ. ಆ ಹಂತಗಳಲ್ಲಿ ರಕ್ಷಣೆಯವರು ಮಾಡಿದ ಸಣ್ಣಪುಟ್ಟ ತಪ್ಪುಗಳನ್ನು ಅಷ್ಟೇ ಶ್ರದ್ಧೆಯಿಂದ ಯಾರೂ ಹುಡುಕುವುದಿಲ್ಲ. ಹಾಗಾಗಿ ಮಿತಿ ಸಡಿಲವಾದಷ್ಟೂ ತಕ್ಕಡಿ ದಾಳಿ ಮಾಡುವವರ ವಿರುದ್ಧ ವಾಲುತ್ತದೆ. ಎರಡು ಹಂತ ಎಂಬ ಸಂಖ್ಯೆಗೆ ಯಾವ ಪಾವಿತ್ರ್ಯವೂ ಇಲ್ಲ, ಮೂರು ಇರಬಹುದಿತ್ತು. ಆದರೆ ಎರಡು ಎಂದು ಎಲ್ಲರಿಗೂ ಮೊದಲೇ ಹೇಳಿದ ಮೇಲೆ ಫೈನಲ್ ದಿನವೂ ಅದು ಎರಡೇ ಆಗಿರಬೇಕು.

ಬಾರ್ನ್ಸ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಇರಬಹುದಿತ್ತೇ? ಕಾಗದದ ಮೇಲೆ ಇರಬಹುದಿತ್ತು. ಆದರೆ ನಿಮ್ಮ ಕಿವಿಯಲ್ಲಿ ಯಾರೋ ನಂಬಿಕಸ್ಥರು ಒಂದು ಸತ್ಯವನ್ನು ಹೇಳಿದ ಮೇಲೆ ಅದನ್ನು ಹಿಂದಕ್ಕೆ ಕಳಿಸಲಾಗದು. ದೊಡ್ಡ ಪರದೆಯಲ್ಲಿ ಜಾರಿದ ಚೆಂಡು ಕಾಣುತ್ತಿರುವಾಗ, ಮಿತಿ ಮೀರಿದೆ, ಟ್ರೈ ಟ್ರೈಯೇ ಎಂದು ಹೇಳಲು ಬೇಕಾಗುವ ಗಟ್ಟಿತನ ನಮ್ಮಲ್ಲಿ ಎಷ್ಟು ಜನರಿಗಿದೆ? ಹೇಳಿದ್ದರೆ ದಕ್ಷಿಣ ಆಫ್ರಿಕಾದಲ್ಲಿ ಬೇರೊಂದು ಜಗಳ ಇವತ್ತಿಗೂ ನಡೆಯುತ್ತಿತ್ತು.

ಬಾರ್ನ್ಸ್ ಬದುಕಿನಲ್ಲಿ ಈ ಪ್ರಶ್ನೆಗೆ ಒಂದು ಹಳೆಯ ಗಾಯವೂ ಇತ್ತು. 2007ರ ಅಕ್ಟೋಬರ್ 6ರಂದು ಕಾರ್ಡಿಫ್‌ನಲ್ಲಿ ವಿಶ್ವಕಪ್ ಕ್ವಾರ್ಟರ್‌ಫೈನಲ್. ಫ್ರಾನ್ಸ್ ಎದುರು ನ್ಯೂಜಿಲೆಂಡ್. ರೆಫರಿ 28 ವರ್ಷದ ಬಾರ್ನ್ಸ್. ಪಂದ್ಯವನ್ನು ತಿರುಗಿಸಿದ ಫ್ರಾನ್ಸ್‌ನ ಟ್ರೈಗೆ ದಾರಿ ಮಾಡಿದ ಪಾಸ್ ಮುಂದಕ್ಕೆ ಹೋಗಿತ್ತು. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಕೊಡುವಂತಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಬಾರ್ನ್ಸ್ ನೋಡಲಿಲ್ಲ, ಫ್ರಾನ್ಸ್ 20–18ರಿಂದ ಗೆದ್ದಿತು, ನ್ಯೂಜಿಲೆಂಡ್‌ನಲ್ಲಿ ಅವರ ಹೆಸರು ಬೈಗುಳವಾಯಿತು. ಆ ದಿನವೂ ಪರದೆಯ ಮುಂದೆ ಟಿಎಂಒ ಇದ್ದರು. ಆದರೆ ಆಗಿನ ನಿಯಮದಲ್ಲಿ ಅವರು ಉತ್ತರಿಸಬಹುದಾಗಿದ್ದು ಗೆರೆಯ ಬಳಿ ಚೆಂಡು ನೆಲಕ್ಕೆ ತಾಗಿತೇ ಇಲ್ಲವೇ ಎಂಬಂಥ ಪ್ರಶ್ನೆಗಳಿಗೆ ಮಾತ್ರ. ಮೈದಾನದ ನಡುವಿನ ಪಾಸಿನ ಬಗ್ಗೆ ಮಾತಾಡುವ ಅಧಿಕಾರ ಅವರಿಗಿರಲಿಲ್ಲ. ಅವರ ಅಧಿಕಾರ ಮುಂದಿನ ದಶಕದಲ್ಲಿ ಹಿಗ್ಗಿತು. ಹಾಗಾಗಿ ಈ ರೆಫರಿಯ ಕೈಯಲ್ಲಿ ನ್ಯೂಜಿಲೆಂಡ್ ಎರಡು ಸಲ ವಿಶ್ವಕಪ್ ಕಳೆದುಕೊಂಡಿತು ಎಂದು ಅಲ್ಲಿನವರು ಲೆಕ್ಕ ಹಾಕುವುದಾದರೆ, ಮೊದಲ ಸಲ ಪರದೆಯ ಮುಂದಿದ್ದವರು ಮಾತಾಡಲಾಗಲಿಲ್ಲ ಎಂಬ ಕಾರಣಕ್ಕೆ, ಎರಡನೆಯ ಸಲ ಮಾತಾಡಿದರು ಎಂಬ ಕಾರಣಕ್ಕೆ.

ಆದರೆ ಆ ಲೆಕ್ಕವನ್ನು ಪೂರ್ತಿ ಒಪ್ಪಲಾಗದು. ಸ್ಮಿತ್ ಟ್ರೈ ರದ್ದಾದ ಕೆಲವೇ ನಿಮಿಷಗಳಲ್ಲಿ, 58ನೆಯ ನಿಮಿಷದಲ್ಲಿ, ಬೋಡೆನ್ ಬ್ಯಾರೆಟ್ ಟ್ರೈ ಗಳಿಸಿದರು. ಅಂತರ 12–11ಕ್ಕೆ ಇಳಿಯಿತು. ಅದರ ಕನ್ವರ್ಷನ್ ಒದೆತವನ್ನು ರಿಚಿ ಮೊಉಂಗಾ ತಪ್ಪಿಸಿದರು. ಕೋಲ್ಬಿ ಹೊರಗೆ ಹೋದಾಗ ಸಿಕ್ಕ ಪೆನಾಲ್ಟಿಯನ್ನು ದೂರದಿಂದ ಒದ್ದ ಜೋರ್ಡಿ ಬ್ಯಾರೆಟ್ ಕೂಡ ಗುರಿ ತಪ್ಪಿದರು. ಇವೆರಡರಲ್ಲಿ ಯಾವುದಾದರೂ ಒಂದು ಕಂಬಗಳ ನಡುವೆ ಹೋಗಿದ್ದರೂ ನ್ಯೂಜಿಲೆಂಡ್ ಮುನ್ನಡೆ ಪಡೆಯುತ್ತಿತ್ತು. ದಕ್ಷಿಣ ಆಫ್ರಿಕಾದ ಹನ್ನೆರಡೂ ಅಂಕ ಹ್ಯಾಂಡ್ರೆ ಪೊಲಾರ್ಡ್ ಮೊದಲಾರ್ಧದಲ್ಲಿ ಒದ್ದ ನಾಲ್ಕು ಪೆನಾಲ್ಟಿಗಳಿಂದ ಬಂದವು. ಸುಮಾರು ಐವತ್ತು ನಿಮಿಷ ಹದಿನಾಲ್ಕು ಜನರೊಂದಿಗೆ ಆಡಿ ಒಂದು ಅಂಕದಿಂದ ಸೋಲುವುದು ದೊಡ್ಡ ಸಾಧನೆಯೇ. ರೆಫರಿಯ ಮೇಲೆ ಗೂಬೆ ಕೂರಿಸಿದರೆ ಆ ಸಾಧನೆಯ ತೂಕವೂ ಕಡಿಮೆಯಾಗುತ್ತದೆ.

ದಕ್ಷಿಣ ಆಫ್ರಿಕಾ ಕೂಡ ಈ ವಿಷಯದಲ್ಲಿ ಹಾಲಿನಲ್ಲಿ ಮಿಂದದ್ದಲ್ಲ. ಪಂದ್ಯದ ನಂತರ ತಂಡಗಳು ತಮ್ಮ ಆಕ್ಷೇಪದ ತುಣುಕುಗಳನ್ನು ರೆಫರಿ ಮುಖ್ಯಸ್ಥರಿಗೆ ಖಾಸಗಿಯಾಗಿ ಕಳಿಸಿ ಉತ್ತರ ಪಡೆಯುವ ದಾರಿ ಇದೆ. 2021ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಆಟಗಾರರ ಜಂಟಿ ತಂಡವಾದ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ವಿರುದ್ಧದ ಮೊದಲ ಟೆಸ್ಟ್ ಸೋತ ಮೇಲೆ ಅಲ್ಲಿನ ರಗ್ಬಿ ನಿರ್ದೇಶಕ ರಾಸಿ ಎರಾಸ್ಮಸ್ ರೆಫರಿ ನಿಕ್ ಬೆರಿ ಅವರ ತೀರ್ಪುಗಳನ್ನು ಒಂದೊಂದಾಗಿ ಬಿಡಿಸುವ 62 ನಿಮಿಷಗಳ ವಿಡಿಯೊ ಮಾಡಿದರು, ಅದು ಸಾರ್ವಜನಿಕವಾಯಿತು. ಅವರಿಗೆ ಎರಡು ತಿಂಗಳ ಪೂರ್ಣ ನಿಷೇಧ, ಮುಂದಿನ ಸೆಪ್ಟೆಂಬರ್‌ವರೆಗೆ ಪಂದ್ಯದ ದಿನದ ಕೆಲಸಗಳಿಂದ ದೂರ ಇರುವ ಶಿಕ್ಷೆ ಬಂತು. 2022ರ ನವೆಂಬರ್‌ನಲ್ಲಿ, ಬಾರ್ನ್ಸ್ ನಡೆಸಿದ ಫ್ರಾನ್ಸ್ ವಿರುದ್ಧದ ಪಂದ್ಯದ ನಂತರ, ಎರಾಸ್ಮಸ್ ಅವರಿಗೆ ತಮ್ಮ ಟ್ವೀಟುಗಳಿಗಾಗಿ ಮತ್ತೆ ಎರಡು ಪಂದ್ಯಗಳ ನಿಷೇಧ. ಬಾರ್ನ್ಸ್ ಕುಟುಂಬಕ್ಕೆ ಆಗ ಬೆದರಿಕೆಗಳು ಬಂದವು. ರೆಫರಿಯ ಮಾತು ಎಲ್ಲರಿಗೂ ಕೇಳಬೇಕು ಎಂದು ನಾವು ಬಯಸುತ್ತೇವೆ. ತೆರೆದ ಮೈಕ್ರೊಫೋನಿನ ಇನ್ನೊಂದು ತುದಿಯಲ್ಲಿ ಎಂಥವರು ಕುಳಿತಿದ್ದಾರೆ ಎಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ.

ಫೈನಲ್ ಮುಗಿದ ಐದು ದಿನಕ್ಕೆ ಬಾರ್ನ್ಸ್ ನಿವೃತ್ತಿ ಘೋಷಿಸಿದರು. 111 ಟೆಸ್ಟ್ ಪಂದ್ಯಗಳನ್ನು ನಡೆಸಿದ ದಾಖಲೆ ಅವರ ಹೆಸರಿನಲ್ಲಿತ್ತು. ಡಿಸೆಂಬರ್ ಆರಂಭದಲ್ಲಿ ಫೋಲಿ ಕೂಡ ಅಂತರರಾಷ್ಟ್ರೀಯ ರಗ್ಬಿಯಿಂದ ಹಿಂದೆ ಸರಿದರು. ಫೈನಲ್ ನಂತರ ತಮಗೂ ಕುಟುಂಬಕ್ಕೂ ಬಂದ ನಿಂದನೆಯ ಸಂದೇಶಗಳನ್ನು ಅವರು ಕಾರಣವಾಗಿ ಹೇಳಿದರು.

ನಿಯಮಗಳು ಆಮೇಲೂ ಅಲುಗಾಡುತ್ತಲೇ ಇವೆ. ಕೇನ್ ಅವರಂಥ ಪ್ರಕರಣಗಳಲ್ಲಿ ಇಡೀ ಪಂದ್ಯಕ್ಕೆ ಒಬ್ಬ ಕಡಿಮೆಯಾಗುವುದು ವಿಪರೀತ ಎಂಬ ವಾದ ಬಲವಾಗಿ, ಇಪ್ಪತ್ತು ನಿಮಿಷದ ನಂತರ ಬದಲಿ ಆಟಗಾರನನ್ನು ಇಳಿಸಬಹುದಾದ ಕೆಂಪು ಕಾರ್ಡನ್ನು 2024ರ ನವೆಂಬರ್‌ನ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಪ್ರಯೋಗಿಸಿದರು. ಫ್ರಾನ್ಸ್, ಐರ್ಲೆಂಡ್ ಕಡೆಯವರಿಗೆ ಅದು ಅಷ್ಟು ರುಚಿಸಲಿಲ್ಲ. ತಲೆಯ ರಕ್ಷಣೆಗೆಂದು ಕಟ್ಟಿದ ಗೋಡೆಯನ್ನು ನಾವೇ ತೆಳು ಮಾಡುತ್ತಿದ್ದೇವೆ ಎಂಬುದು ಅವರ ಆಕ್ಷೇಪ. ಯುರೋಪಿನ ಆರು ದೇಶಗಳು ಆಡುವ 2025ರ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಟಿಎಂಒ ಪರಿಶೀಲನೆಯ ನಂತರದ ತೀರ್ಪನ್ನು ರೆಫರಿ ಕ್ರೀಡಾಂಗಣದ ಧ್ವನಿವರ್ಧಕದಲ್ಲೇ ಹೇಳುವ ಪದ್ಧತಿ ಬಂತು. ಮೂವತ್ತು ಮೀಟರ್ ದೂರದಲ್ಲಿ ಕುಳಿತವನಿಗೆ ಕೊನೆಗೂ ಕಾರಣ ಕೇಳಿಸುತ್ತದೆ. ಆದರೆ ಆ ಧ್ವನಿವರ್ಧಕದಲ್ಲಿ ಬರುವುದೂ ರೆಫರಿಯ ಧ್ವನಿಯೇ. ಪರದೆಯ ಮುಂದೆ ಕುಳಿತು ಏಣಿಯ ಮೆಟ್ಟಿಲುಗಳನ್ನು ಹತ್ತಿ ಇಳಿದವರ ಧ್ವನಿ ಅಲ್ಲಿ ಬರುವುದಿಲ್ಲ.